ಮಾಡಿನ ವಯಸ್ಸು

ಕಾಸರಗೋಡಿನ ಹಳೆಯ ಮನೆಗಳ ಮಾಡಿನಿಂದ ಇಳಿಸಿದ ಹಂಚನ್ನು ತಿರುವಿ ನೋಡಿದರೆ, ಅದರಲ್ಲಿ ಬಾಸೆಲ್ ಮಿಶನ್ನಿನ ಹೆಸರೂ 1865 ಎಂಬ ಅಂಕೆಯೂ ಅಚ್ಚಾಗಿರುವುದುಂಟು. ಕೆಲವು ಹಂಚುಗಳಲ್ಲಿ ಆಲ್ಬುಕರ್ಕ್ ಕಂಪೆನಿಯ ಹೆಸರೂ 1868 ಎಂಬ ಅಂಕೆಯೂ ಇರುತ್ತವೆ. ಕುಂಬಳೆ ಸೀಮೆಯ ಒಂದು ಮನೆಯವರು ಈ ಅಂಕೆಯನ್ನು ಕಂಡು, ‘ಮಾಡಿಗೆ ನೂರೈವತ್ತು ವರ್ಷ ದಾಟಿತು, ಇನ್ನು ಇದನ್ನು ನಂಬಿ ಕೂರುವಂತಿಲ್ಲ’ ಎಂದು ತೀರ್ಮಾನಿಸಿ, ಹಿರಿಯರ ಮನೆಯ ಮಾಡನ್ನು ಪೂರ್ತಿಯಾಗಿ ಕೆಡವಿಸಿದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಅಂಕೆ ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಹಂಚು ಸುಟ್ಟ ವರ್ಷವಲ್ಲ. ದಶಕಗಳು ಕಳೆದ ಮೇಲೆ ಸುಟ್ಟ ಹಂಚಿಗೂ ಅದೇ ಮುದ್ರೆ ಬಿದ್ದಿದೆ. ಹಾಗಾದರೆ ಮಾಡಿನ ವಯಸ್ಸನ್ನು ಎಲ್ಲಿ ಓದಬೇಕು?

ಹಂಚು ಬರುವುದಕ್ಕೆ ಮೊದಲು ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಮುಳಿಹುಲ್ಲು, ಅಡಿಕೆಯ ಸೋಗೆ, ಹೆಣೆದ ತೆಂಗಿನ ಮಡಲು, ಇವುಗಳಿಂದ ಹೊದೆಸಿದ ಮಾಡಿಗೆ ಪಂಚಾಂಗವೇ ಅವಧಿಯನ್ನು ಗೊತ್ತುಮಾಡಿತ್ತು. ಬಿಸು ಕಳೆದ ಮೇಲೆ, ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಬರುವುದರೊಳಗೆ, ಹಳೆಯ ಹೊದಿಕೆ ಇಳಿಯಬೇಕು, ಹೊಸತು ಏರಬೇಕು. ನೆರೆಕರೆಯವರು ಮುಯ್ಯಾಳಾಗಿ ಬರುತ್ತಿದ್ದರು. ಇಂದು ಇವರ ಮನೆ, ನಾಳೆ ಅವರ ಮನೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ, ಮಣ್ಣಿನ ಗೋಡೆಯ ಮನೆಗೆ ಒಂದು ವರ್ಷದ ಉದಾಸೀನವೂ ಸಲ್ಲುತ್ತಿರಲಿಲ್ಲ. ಅಡಿಗೆಯ ಹೊಗೆ ಹುಲ್ಲನ್ನು ಹುಳುಗಳಿಂದ ಕಾಯುತ್ತಿತ್ತು. ಆದರೆ ಅದೇ ಒಲೆಯ ಒಂದು ಕಿಡಿ ಇಡೀ ಮನೆಯನ್ನು ನುಂಗಿಬಿಡಬಹುದಾಗಿತ್ತು.

ಈ ಭಯದಿಂದಲೂ ವರ್ಷವರ್ಷದ ದುಡಿಮೆಯಿಂದಲೂ ಬಿಡುಗಡೆಯನ್ನು ತಂದುದು ಮಂಗಳೂರು ಹಂಚು. ಮಿಶನ್ನಿನ ಮುದ್ರಣಾಲಯದಲ್ಲಿ ದುಡಿದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಿಯು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ಅಚ್ಚಿನ ಮೊಳೆಗಳನ್ನು ಜೋಡಿಸಿದ ಕೈಯೇ ನೇತ್ರಾವತಿಯ ಬದಿಯ ಜೇಡಿಮಣ್ಣನ್ನೂ ಅಚ್ಚಿಗೆ ಒತ್ತಿತೆಂದರೆ ವಾಚಕರಿಗೆ ಅಚ್ಚರಿಯಾದೀತು. ಒಂದರ ಅಂಚು ಇನ್ನೊಂದರಲ್ಲಿ ಸಿಕ್ಕಿಕೊಳ್ಳುವ ಈ ಬಗೆಯ ಹಂಚಿಗೆ ಆಲ್ಸೇಸಿನ ಗಿಲಾರ್ಡೊನಿ ಸಹೋದರರು 1841ರಲ್ಲಿಯೇ ಹಕ್ಕುಪತ್ರ ಪಡೆದಿದ್ದರು. ಮಾದರಿ ಅಲ್ಲಿನದು, ಮಣ್ಣೂ ಮಳೆಯೂ ನಮ್ಮವು. 1907ರಲ್ಲಿ ರೈಲುಮಾರ್ಗ ಕಾಸರಗೋಡಿನ ಮೂಲಕ ಮಂಗಳೂರನ್ನು ಮುಟ್ಟಿದ ಮೇಲಂತೂ ಹಂಚಿನ ಸಾಗಾಟ ಸುಲಭವಾಯಿತು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ರಂದು ರಾಜ್ಯದ ಗೆರೆ ಬದಲಾಯಿತು. ನಮ್ಮ ತಲೆಯ ಮೇಲಿನ ಹಂಚು ಬದಲಾಗಲಿಲ್ಲ.

ಹಂಚಿನೊಂದಿಗೆ ಮಾಡಿನ ಎಲುಬುಗಳೂ ಬದಲಾದವು. ಹುಲ್ಲಿನ ಮಾಡಿಗೆ ಬಿದಿರು, ಅಡಿಕೆಯ ದಬ್ಬೆ ಸಾಕಾಗುತ್ತಿದ್ದವು. ಒಂದೊಂದು ಹಂಚು ಎರಡು ಕಿಲೋಗ್ರಾಮಿಗೂ ಮಿಗಿಲು ತೂಗುವುದು. ಒಂದು ಚದರ ಮೀಟರಿಗೆ ಸುಮಾರು ಹದಿನೈದು ಹಂಚು ಬೇಕು. ಮಳೆಯಲ್ಲಿ ನೆನೆದರೆ ಭಾರ ಇನ್ನೂ ಏರುವುದು. ಆದುದರಿಂದ ಹಲಸು, ತೇಗ, ಕಿರಾಲುಬೋಗಿಗಳ ತೊಲೆ, ಪಕ್ಕಾಸು, ರೀಪುಗಳು ಬಂದವು. ಮಾಡಿನ ಆಯುಷ್ಯ ನಿಂತಿರುವುದು ಈ ಮರದಲ್ಲಿ. ಹಂಚು ಒಡೆದರೆ ಒಂದನ್ನು ತೆಗೆದು ಇನ್ನೊಂದನ್ನು ಸೇರಿಸಿದರಾಯಿತು. ತೊಲೆ ಸೋತರೆ ಹಂಚು ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ.

ಪಂಚಾಂಗದ ಅವಧಿ ತಪ್ಪಿದ ಮೇಲೆ ಹಿರಿಯರು ಬೇರೆ ಗುರುತುಗಳನ್ನು ಕಂಡುಕೊಂಡರು. ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು ಆಲಿಸುವುದು ಒಂದು ಕ್ರಮ: ಗಟ್ಟಿ ಹಂಚು ಕಂಚಿನಂತೆ ನುಡಿಯುವುದು, ಬಿರುಕುಬಿಟ್ಟುದು ಮಂಕಾಗಿ ಸದ್ದುಮಾಡುವುದು. ಪಾಚಿ ಹಿಡಿದು ಕಪ್ಪಾದುದನ್ನು ಯಾರೂ ರೋಗವೆಂದು ಬಗೆಯುತ್ತಿರಲಿಲ್ಲ; ತೊಳೆದು ಮತ್ತೆ ಹೊದೆಸುತ್ತಿದ್ದರು. ಪದರು ಪದರಾಗಿ ಏಳುತ್ತಿದ್ದರೆ, ರೀಪನ್ನು ಹಿಡಿಯುವ ಮೂಗು ಮುರಿದಿದ್ದರೆ ಮಾತ್ರ ಅದು ಕೆಲಸಕ್ಕೆ ಬಾರದು. ಇನ್ನು ಅಂಗಳದಲ್ಲಿ ದೂರ ನಿಂತು ಮಾಡಿನ ನೆತ್ತಿಯನ್ನು ಆಕಾಶಕ್ಕೆ ಹಿಡಿದು ನೋಡಬೇಕು. ಗೆರೆ ನಡುವಿನಲ್ಲಿ ಬಾಗಿದ್ದರೆ ತೊಲೆ ದಣಿದಿದೆಯೆಂದೇ ಅರ್ಥ. ಬೆಳಗ್ಗೆ ನೆಲ ಗುಡಿಸುವಾಗ ಹಿಟ್ಟಿನಂತಹ ಮರದ ಹುಡಿ ಕಂಡರೆ, ಗೋಡೆಯ ಮೇಲೆ ಗೆದ್ದಲಿನ ಮಣ್ಣಗೆರೆ ಏರಿದ್ದರೆ, ಮಳೆಗಾಲಕ್ಕೆ ಕಾಯದೆ ಅಟ್ಟ ಹತ್ತಬೇಕು. ಎರಡು ಮಾಡುಗಳು ಕೂಡುವ ಮೂಲೆಯ ಅಡಿಯಲ್ಲಿಯೂ, ಪಕ್ಕಾಸು ಗೋಡೆಯ ಮೇಲೆ ಕೂರುವ ತುದಿಯಲ್ಲಿಯೂ ಚೂರಿಯ ಮೊನೆಯಿಂದ ಚುಚ್ಚಿ ನೋಡುವುದು ನುರಿತ ಆಚಾರಿಯ ಪದ್ಧತಿ. ನೀರು ಮೊದಲು ಸೇರುವುದು ಅಲ್ಲಿಯೇ. ರೀಪುಗಳಷ್ಟೇ ಹೋಗಿದ್ದರೆ ಹಂಚನ್ನಿಳಿಸಿ ರೀಪು ಬದಲಿಸಿದರೆ ಸಾಕು. ತೊಲೆಯೂ ಪಕ್ಕಾಸುಗಳ ಬಹುಪಾಲೂ ಮೊನೆಗೆ ಮೆತ್ತಗಾದರೆ ಆಗ ಹೊಸ ಮಾಡಿನ ಯೋಚನೆ.

ಕುಂಬಳೆ ಸೀಮೆಯ ಆ ಮನೆಯಲ್ಲಿ ಹೀಗೆ ಚುಚ್ಚಿ ನೋಡಿದವರಿರಲಿಲ್ಲ. ಹಂಚು ಹೊದೆಸಬಲ್ಲ ಆಳುಗಳು ಸಿಗುವುದಿಲ್ಲವೆಂಬುದೂ, ಮಂಗಗಳ ಕಾಟವೂ ಅವರ ಅವಸರಕ್ಕೆ ಕಾರಣವಾಗಿದ್ದವು. ಅದು ಸುಳ್ಳೆಂದು ನಾವು ಹೇಳಲಾರೆವು. ಕೆಡವುವಾಗ ಕಂಡುದು ಇಷ್ಟೇ: ಪಡುವಣ ಮೂಲೆಯ ನಾಲ್ಕು ಪಕ್ಕಾಸುಗಳನ್ನು ಗೆದ್ದಲು ತಿಂದಿತ್ತು, ಉಳಿದ ಹಲಸಿನ ಮರವೆಲ್ಲ ಉಳಿ ಜಾರುವಷ್ಟು ಗಟ್ಟಿಯಾಗಿತ್ತು. ಮನೆಯ ಹಿರಿಯಜ್ಜಿ ಅಂದು ಜಗಲಿಯಿಂದ ಏಳಲಿಲ್ಲ. ಮರವನ್ನು ಅದೇ ವಾರ ಲಾರಿಯವರು ಕೊಂಡೊಯ್ದರು. ಮೇಲೆ ಕಾಂಕ್ರೀಟು ಬಂತು. ಆರನೆಯ ಮಳೆಗಾಲಕ್ಕೆ ಅದು ಸೋರತೊಡಗಿ, ಈಗ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಮಾಡು ಕಟ್ಟಿದ್ದಾರೆ. ಹಳೆಯ ಹಂಚುಗಳಲ್ಲಿ ಇನ್ನೂರರಷ್ಟು ಹಟ್ಟಿಯ ಬದಿಯಲ್ಲಿ ಅಟ್ಟಿಯಾಗಿ ಉಳಿದಿವೆ. ಕಳೆದ ಬಾರಿ ಹೋದಾಗ ಮೇಲಿನದೊಂದನ್ನು ಗೆಣ್ಣಿನಿಂದ ಬಡಿದು ನೋಡಿದೆವು, ಕಂಚಿನಂತೆ ನುಡಿಯಿತು.