ಹಿತ್ತಲಿಗೆ ಬಂದ ತೊಲೆ

ಸರಕು ಹೊತ್ತು ಬಂದ ಮರದ ಪ್ಯಾಲೆಟ್ ಬಿಚ್ಚಿ ಕೈತೋಟಕ್ಕೆ ಬೇಲಿ, ಸಸಿಗೆ ತೊಟ್ಟಿ, ಬಳ್ಳಿಗೆ ಚಪ್ಪರ ಮಾಡಿಕೊಳ್ಳುವುದನ್ನು ನಗರದವರು ಈಗ ಹೊಸ ವಿದ್ಯೆಯಂತೆ ಕಲಿಯುತ್ತಿದ್ದಾರೆ. ಕೃಷ್ಣೆಯ ದಂಡೆಯ ನಿಡಗುಂದಿ ಸೀಮೆಗೆ ಅದು ಹಳೆಯ ರೂಢಿ. ಮನೆ ಬಿದ್ದರೆ, ಪಾಲಾದರೆ, ಊರೇ ನೀರಿಗೆ ಹೋದರೆ ಅಲ್ಲಿನ ಕಟ್ಟಿಗೆ ಮೊದಲು ಇನ್ನೊಂದು ಮನೆಗೆ, ಆಮೇಲೆ ದನದ ಕೊಟ್ಟಿಗೆಗೆ, ಕೊನೆಗೆ ಹಿತ್ತಲಿಗೆ ಬರುತ್ತಿತ್ತು. ಬಡವರು ಏನನ್ನೂ ಎಸೆಯುವುದಿಲ್ಲ ಎಂಬ ಒಂದು ಮಾತಿನಲ್ಲಿ ಇದನ್ನು ಮುಗಿಸಿಬಿಡುವವರಿದ್ದಾರೆ. ನನಗೆ ಆ ವಿವರಣೆ ಸಾಲದು. ಈ ಸೀಮೆಯ ಮನೆಯಲ್ಲಿ ಗೋಡೆ ನೆಲದ ಪಾಲಾದರೆ ಮರ ಮನೆತನದ ಚರಾಸ್ತಿಯಾಗಿತ್ತು, ಬಂಗಾರದಂತೆ, ಎತ್ತಿನಂತೆ. ಹಾಗೆ ನೋಡಿದರೆ ಮಾತ್ರ ಹಿತ್ತಲಿನ ಹಳೆಯ ಕಂಬದ ಇತಿಹಾಸ ಅರ್ಥವಾಗುತ್ತದೆ.

ಕಾರಣ ನೆಲದಲ್ಲೇ ಇದೆ. ವಿಜಯಪುರ ಜಿಲ್ಲೆಯ ವಿಸ್ತೀರ್ಣದಲ್ಲಿ ಕಾಡಿನ ಪಾಲು ನೂರಕ್ಕೆ ಒಂದೂ ಇಲ್ಲ. ಬದುವಿನ ಬೇವು, ಜಾಲಿ, ಊರ ಹೊರಗಿನ ಹುಣಸೆ ಬಿಟ್ಟರೆ ಕೈಗೆ ಸಿಗುವ ಮರ ಕಡಿಮೆ. ಉದ್ದನೆಯ ನೇರ ತೊಲೆಗೆ ಬೇಕಾದ ಸಾಗವಾನಿ ದಾಂಡೇಲಿ, ಹಳಿಯಾಳದಂಥ ಪಡುವಣ ಕಾಡುಗಳಿಂದ ಬರಬೇಕು. ಗದಗ–ಹೊಟಗಿ ರೈಲುದಾರಿ 1880ರ ದಶಕದಲ್ಲಿ ಆಲಮಟ್ಟಿಯ ಮೇಲೆ ಹಾಯುವ ತನಕ ಅದೆಲ್ಲ ಎತ್ತಿನ ಬಂಡಿಯ ಹಾದಿ. ಅಷ್ಟು ದೂರದಿಂದ ಬಂದ ಮರವನ್ನು ಗೋಡೆಯ ಜೊತೆ ಮಣ್ಣಾಗಲು ಯಾರು ಬಿಡುತ್ತಾರೆ? ಅರಸರ ಕಟ್ಟಡಗಳೂ ಇದನ್ನೇ ಹೇಳುತ್ತವೆ. 1561ರ ಹೊತ್ತಿಗೆ ಒಂದನೆಯ ಅಲಿ ಆದಿಲ್ ಶಾಹ ಕಟ್ಟಿಸಿದ ವಿಜಯಪುರದ ಗಗನ ಮಹಲಿನ ಕಲ್ಲಿನ ಕಮಾನು ಇವತ್ತಿಗೂ ಎದೆಯೊಡ್ಡಿ ನಿಂತಿದೆ. ಒಳಗಿನ ಮರದ ಕಂಬ, ಮೇಲ್ಛಾವಣಿ ಮಾತ್ರ ಇಲ್ಲ. ರಾಜ್ಯ ಬಿದ್ದ ಮೇಲೆ ಕಲ್ಲನ್ನು ಬಿಟ್ಟು ಮರ ಮೊದಲು ಹೊರಟಿತು.

ಹೀಗೆ ಹೊರಡುವುದಕ್ಕೆ ಬೇಕಾದ ಹದ ಮನೆ ಕಟ್ಟುವ ರೀತಿಯಲ್ಲೇ ಇತ್ತು. ಇಲ್ಲಿನ ಮಾಳಿಗೆ ಮನೆಯಲ್ಲಿ ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಸಾಲು ಜಂತಿ, ಜಂತಿಯ ಮೇಲೆ ಕಡ್ಡಿ-ತಪ್ಪಲು, ಅದರ ಮೇಲೆ ಮಣ್ಣಿನ ಹಾಸು. ಕೂಡಿಸುವುದೆಲ್ಲ ಕಚ್ಚು, ತೂತು, ಮರದ ಗೂಟದಿಂದ. ಮೇಲಿನ ಮಣ್ಣಿನ ಭಾರವೇ ಅದನ್ನು ಕದಲದಂತೆ ಹಿಡಿಯುತ್ತದೆ. ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವಂಥದ್ದು. ಅಂಥ ನೆಲದ ಮೇಲೆ ಗೋಡೆ ಸೀಳಿದರೂ ಮರದ ಚೌಕಟ್ಟು ಸ್ವಲ್ಪ ಓಲಾಡಿ ತಡೆದುಕೊಳ್ಳುತ್ತದೆ, ಬೇಕೆಂದಾಗ ಬಿಚ್ಚಲೂ ಬರುತ್ತದೆ. ಮನೆ ಎಷ್ಟು ದೊಡ್ಡದು ಎಂದು ಕೇಳಿದರೆ ಹಳಬರು ಅಂಕಣದಲ್ಲಿ ಉತ್ತರ ಕೊಡುತ್ತಿದ್ದರು. ಅಂಕಣವೆಂದರೆ ಕಂಬದಿಂದ ಕಂಬಕ್ಕೆ, ತೊಲೆಯಿಂದ ತೊಲೆಗೆ ಇರುವ ಎಡೆ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗಲೂ ಅದೇ ಲೆಕ್ಕ. ಮನೆಯನ್ನು ಅಳೆಯುವ ಕೋಲೇ ಮರವಾಗಿತ್ತು ಎಂಬುದು ನನ್ನ ವಾದಕ್ಕೆ ಸಿಗುವ ಗಟ್ಟಿ ಸಾಕ್ಷಿ. ಇನ್ನೊಂದು ಸಾಕ್ಷಿ ದೂರದ ಮಣಿಪಾಲದಲ್ಲಿದೆ. ಅಲ್ಲಿನ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ವಿಜಯನಾಥ ಶೆಣೈ ಅವರು ನಮ್ಮ ನೆರೆಯ ಮುಧೋಳದ ಅರಮನೆಯ ದರ್ಬಾರು ಸಭಾಂಗಣವನ್ನೇ ಬಿಚ್ಚಿ ತರಿಸಿ ಮತ್ತೆ ಜೋಡಿಸಿ ನಿಲ್ಲಿಸಿದರು. ಬಿಚ್ಚಿದರೂ ಕೆಡದ ಕೆಲಸ ಅದಾಗಿರದಿದ್ದರೆ ಇದು ಸಾಧ್ಯವಿರಲಿಲ್ಲ.

ಇದಕ್ಕೆ ಕಾಗದದ ದಾಖಲೆ ಎಲ್ಲಿ ಎಂದು ಇತಿಹಾಸಕಾರರು ಕೇಳಬಹುದು. ದಾಖಲೆ ಮರದ ಮೇಲೆಯೇ ಇದೆ. ಕೊಟ್ಟಿಗೆಯ ಕಂಬದಲ್ಲಿ ಈಗಿನ ಕೆಲಸಕ್ಕೆ ಸಂಬಂಧವೇ ಇಲ್ಲದ ಚೌಕ ತೂತು, ಹಿತ್ತಲ ಬಾಗಿಲಿಗೆ ಅಡ್ಡಗಟ್ಟಿಗೆಯಾದ ಜಂತಿಯ ತುದಿಯಲ್ಲಿ ಹಳೆಯ ಕಚ್ಚು, ಹೀರೆ-ಪಡವಲದ ಹಂದರ ಹೊತ್ತ ಕೋಲಿಗೆ ಒಂದು ಕಾಲದ ಅಡುಗೆಮನೆಯ ಹೊಗೆಯ ಕರಿ. ಇವನ್ನು ಓದಿದರೆ ಮರದ ಇಳಿಗಾಲದ ಮೆಟ್ಟಿಲುಗಳು ಕಾಣುತ್ತವೆ. ತೊಲೆ ತೊಲೆಯಾಗಿಯೇ ಮತ್ತೊಂದು ಮನೆ ಕಾಣಬೇಕು. ಉದ್ದ ಸಾಲದಾಗ ಚೌಕಟ್ಟಾಗಬಹುದು. ಗ್ವಾದಲಿಯ ಅಂಚು, ಬಣವಿಯ ಅಡಿಗಟ್ಟು, ಬಳ್ಳಿಯ ಆಸರೆ, ಇವೆಲ್ಲ ಆಮೇಲಿನವು. ಒಲೆ ಕಟ್ಟಕಡೆಯದು. ಯಾವ ತುಂಡು ಯಾವ ಮೆಟ್ಟಿಲಿಗೆ ಎಂದು ಹೇಳುವ ಕಣ್ಣು ಬಡಿಗನದು. ವರ್ಷಕ್ಕೊಮ್ಮೆ ರಾಶಿಯಲ್ಲಿ ಆಯ ಪಡೆದು ರಂಟಿ, ಕುಂಟಿ, ಕೂರಿಗೆ ನೋಡಿಕೊಳ್ಳುತ್ತಿದ್ದವನಿಗೆ ಒಂದೊಂದು ಮನೆಯ ಕಟ್ಟಿಗೆಯೂ ಹೆಸರಿಟ್ಟು ಕರೆಯುವಷ್ಟು ಪರಿಚಯ.

ಈ ರೂಢಿಯ ದೊಡ್ಡ ಪರೀಕ್ಷೆ ಆಲಮಟ್ಟಿ ಅಣೆಕಟ್ಟು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲಿಟ್ಟರು. ನ್ಯಾಯಮಂಡಳಿ, ತಕರಾರು, ಹಣದ ಅಡಚಣೆ ಎಲ್ಲ ದಾಟಿ 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. ರಾಷ್ಟ್ರಪತಿ ಅಬ್ದುಲ್ ಕಲಾಂ 2006ರಲ್ಲಿ ಅದನ್ನು ನಾಡಿಗೆ ಅರ್ಪಿಸಿದರು. ಅಡಿಗಲ್ಲಿನಿಂದ ಅರ್ಪಣೆಗೆ ನಾಲ್ಕು ದಶಕ ದಾಟಿದವು. ಅಷ್ಟು ಕಾಲ ನದಿಯ ಎರಡೂ ದಂಡೆಯ ಊರುಗಳು ಮುಳುಗುವ ಊರುಗಳೆಂಬ ಹಣೆಬರಹ ಹೊತ್ತು ಬದುಕಿದವು. ಕೊನೆಗೆ ಗುಳೆ ಹೊರಟಾಗ ಗೋಡೆಯ ಕಲ್ಲು ಬಹುಪಾಲು ಅಲ್ಲೇ ಉಳಿಯಿತು, ಬಾಗಿಲು, ಚೌಕಟ್ಟು, ಕಂಬ, ತೊಲೆ ಟ್ರ್ಯಾಕ್ಟರ್ ಏರಿದವು. ಇದು ರೂಢಿಯಲ್ಲ, ಬರೀ ಅನಿವಾರ್ಯತೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಊರು ಬಿಟ್ಟದ್ದು ಅನಿವಾರ್ಯವೇ, ಅದರ ಸಂಕಟವನ್ನು ಯಾವ ಹೊಗಳಿಕೆಯಿಂದಲೂ ಮುಚ್ಚಬಾರದು. ಆದರೆ ಏನನ್ನು ಬಿಡಬೇಕು, ಏನನ್ನು ಒಯ್ಯಬೇಕು ಎಂಬ ಆಯ್ಕೆಯನ್ನು ನೀರು ಮಾಡಲಿಲ್ಲ, ಹಳೆಯ ತಿಳಿವಳಿಕೆ ಮಾಡಿತು. ಬಡತನದ ಮಾತೂ ಇಲ್ಲಿ ನಿಲ್ಲುವುದಿಲ್ಲ, ದೊಡ್ಡ ವಾಡೆಯವರೂ ಕೆತ್ತಿದ ಬಾಗಿಲನ್ನು ಬಿಟ್ಟು ಬರುವವರಲ್ಲ. ಪುನರ್ವಸತಿಯ ಬಗ್ಗೆ ವಿಶ್ವ ಬ್ಯಾಂಕ್ 2001ರಲ್ಲಿ ಬರೆದ ನೀತಿ, ಮನೆಯವರು ಬಿಚ್ಚಿ ಒಯ್ಯುವ ಸಾಮಾನಿನ ಬೆಲೆಯನ್ನು ಪರಿಹಾರದಲ್ಲಿ ಕಳೆಯಬಾರದು ಎಂದಿತ್ತು. ಪರಿಹಾರ ಮನೆಗೆ, ಮರ ಮಾತ್ರ ಮನೆಯವರದೇ ಎಂಬ ಹಳ್ಳಿಯ ನ್ಯಾಯಕ್ಕೂ ಇದಕ್ಕೂ ದೂರವಿಲ್ಲ.

ಹೊಸ ನಿವೇಶನದಲ್ಲಿ ಮಾತ್ರ ಮೆಟ್ಟಿಲುಗಳು ತಪ್ಪಿದವು. ಸಿಮೆಂಟಿನ ಛಾವಣಿಗೆ ಜಂತಿ ಬೇಡ, ಇಟ್ಟಿಗೆಯ ಗೋಡೆಗೆ ಬೋದಿಗೆ ಬೇಡ. ಮಧ್ಯದ ಹಂತಗಳನ್ನು ಹಾರಿ ಒಳ್ಳೆಯ ಸಾಗವಾನಿಯೂ ನೇರ ಹಿತ್ತಲಿಗೆ ಇಳಿಯಿತು. ಅದನ್ನು ನಾನು ನಷ್ಟವೆಂದೇ ಎಣಿಸುತ್ತೇನೆ, ಹಿತ್ತಲಿಗೆ ಬಂದದ್ದಕ್ಕಲ್ಲ, ಅಲ್ಲಿಗೆ ಅವಸರದಲ್ಲಿ ಬಂದದ್ದಕ್ಕೆ.

ಪ್ಯಾಲೆಟ್ಟಿನ ಮರವನ್ನೂ ಈ ಅಳತೆಯಲ್ಲೇ ತೂಗಬೇಕು. ಕೂಡಗಿಯಲ್ಲಿ 2,400 ಮೆಗಾವಾಟಿನ ಉಷ್ಣಸ್ಥಾವರ ಎದ್ದ ಸೀಮೆಯಲ್ಲಿ ಪೆಟ್ಟಿಗೆಯ ಮರ ಇನ್ನು ಅಪರೂಪದ್ದಲ್ಲ. ಆದರೆ ಅದು ಹಗುರ, ಎಳೆಯ, ಮೊಳೆ ಹೊಡೆದ ಮರ. ಬಿಚ್ಚಿದರೆ ಸೀಳುತ್ತದೆ, ಆಯುಷ್ಯ ಕೆಲವೇ ಮಳೆಗಾಲ. ಅದರ ಮೇಲಿನ ಮುದ್ರೆಯನ್ನೂ ನೋಡಬೇಕು. ಪರದೇಶಕ್ಕೆ ಹೋಗಿಬರುವ ಪೆಟ್ಟಿಗೆ ಮರಕ್ಕೆ 2002ರಿಂದ ಒಂದು ಅಂತಾರಾಷ್ಟ್ರೀಯ ನಿಯಮವಿದೆ. ‘ಎಚ್‌ಟಿ’ ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 30 ನಿಮಿಷ ಕಾದಿದೆ, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದೆ. ಎರಡನೆಯದನ್ನು ಕಾಯಿಪಲ್ಲೆಯ ಮಡಿಗೆ ತರಕೂಡದು. ಉಳಿದದ್ದು ಗೆದ್ದಲಿನ ಮಾತು. ಹಳೆಯ ಮರ ತೋಟಕ್ಕೆ ತಂದರೆ ಗೆದ್ದಲಿಗೆ ಹಬ್ಬ ಎಂಬ ಆಕ್ಷೇಪ ಸುಳ್ಳಲ್ಲ. ಎರೆಮಣ್ಣಿನಲ್ಲಿ ಹೂತ ಕಂಬದ ಬುಡ ಮಳೆಗಾಲದುದ್ದಕ್ಕೂ ತೇವದಲ್ಲಿರುತ್ತದೆ, ಬೇಸಿಗೆಯ ಬಿರುಕಿನಲ್ಲಿ ಸಡಿಲವಾಗುತ್ತದೆ. ಆದರೆ ಅದೇ ಕಂಬ ಪಡಸಾಲೆಯಲ್ಲಿ ತಲೆಮಾರುಗಟ್ಟಲೆ ನಿಂತದ್ದು ಮಣ್ಣಿನಲ್ಲಲ್ಲ, ಚೌಕನೆಯ ಒಂದು ಅಡಿಗಲ್ಲಿನ ಮೇಲೆ. ಬಿಚ್ಚಿ ತರುವವರು ಕಂಬವನ್ನಷ್ಟೇ ತಂದರು, ಭಾರವೆಂದು ಕಲ್ಲನ್ನು ಬಿಟ್ಟರು. ಹಂದರದ ಕಂಬದಡಿಗೆ ಅಂಥದೊಂದು ಕಲ್ಲು ಕೊಟ್ಟರೆ ಹಿತ್ತಲಿನಲ್ಲೂ ಅದು ಬಹುಕಾಲ ಬಾಳುತ್ತದೆ.