ಕಪ್ಪತಗುಡ್ಡದ ಚಿನ್ನ ಮತ್ತು ಭೂವಿಜ್ಞಾನಿಯ ಕುರ್ಚಿ

ಗದಗ ಸೀಮೆಯ ಸೊರಟೂರು, ಡೋಣಿಯ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಕಾಲವೊಂದಿತ್ತು. ಆ ಚಿನ್ನದ ತವರಾದ ಡಂಬಳದ ಗುಡ್ಡಗಳನ್ನು, ಅಂದರೆ ಕಪ್ಪತಗುಡ್ಡವನ್ನು, ಕುರಿತು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ 1874ರಲ್ಲೇ ಲೇಖನ ಪ್ರಕಟಿಸಿದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳು ಕಬಲಾಯತಕಟ್ಟಿ, ಹೊಸೂರುಗಳಲ್ಲಿ ಗಣಿ ತೋಡಿದವು. ಅವು ಬಹುಕಾಲ ಬಾಳಲಿಲ್ಲ.

ಬಂಡೆಗೆ ಚಿನ್ನ ಬಂದದ್ದು ಹೇಗೆ? ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಶಿಲೆಗಳು ಕಾದು ರೂಪಾಂತರಗೊಳ್ಳುವಾಗ ನೀರು, ಇಂಗಾಲದ ಡೈಆಕ್ಸೈಡ್, ಗಂಧಕ ಹೊರಬಿದ್ದವು. ಗಂಧಕದೊಡನೆ ಬೆಸೆದುಕೊಂಡ ಚಿನ್ನ ಈ ಬಿಸಿ ದ್ರವದಲ್ಲಿ ಕರಗಿ ಬಿರುಕುಗಳ ಮೂಲಕ ಮೇಲೇರಿತು. ದಾರಿಯಲ್ಲಿ ಕಬ್ಬಿಣದ ಶಿಲೆ ಸಿಕ್ಕಾಗ ಗಂಧಕ ಕಬ್ಬಿಣವನ್ನು ಸೇರಿತು. ಚಿನ್ನ ಅಲ್ಲಿಯೇ ಉಳಿಯಿತು. ಆ ದ್ರವದ ಅತಿ ಸೂಕ್ಷ್ಮ ಹನಿಗಳು ಬೆಣಚುಕಲ್ಲಿನೊಳಗೆ ಇಂದಿಗೂ ಸೆರೆಯಾಗಿವೆ. ಭೂರಸಾಯನ ವಿಜ್ಞಾನಿ ಅವನ್ನು ತಣಿಸಿ, ಕಾಯಿಸಿ, ಆಳದ ಉಷ್ಣತೆಯನ್ನೂ ಒತ್ತಡವನ್ನೂ ಲೆಕ್ಕ ಹಾಕುತ್ತಾನೆ.

ಇಂಥ ಅಧ್ಯಯನಕ್ಕೆ ಪ್ರಯೋಗಾಲಯದಷ್ಟೇ ಮುಖ್ಯವಾದುದು ಇಡೀ ಶಿಲಾಪಟ್ಟಿಯನ್ನು ಒಟ್ಟಾಗಿ ನೋಡುವ ಅಧಿಕಾರ. ಗದಗಕ್ಕೆ ಅದು ಬಹುಕಾಲ ದೊರೆಯಲಿಲ್ಲ. ಗದಗ, ಮುಂಡರಗಿ ಮುಂಬಯಿ ಪ್ರಾಂತಕ್ಕೆ, ಶಿರಹಟ್ಟಿ ಸಾಂಗ್ಲಿಗೆ, ಲಕ್ಷ್ಮೇಶ್ವರ ಮಿರಜಕ್ಕೆ ಸೇರಿದ್ದವು. ಮೈಸೂರು ಸಂಸ್ಥಾನದಲ್ಲಿ ಮಾತ್ರ 1894ರಿಂದಲೇ ಸ್ವಂತ ಭೂವಿಜ್ಞಾನ ಇಲಾಖೆಯಿತ್ತು.

ಆ ಇಲಾಖೆಯ ನಿರ್ದೇಶಕರಾಗಿದ್ದ ಸಿ.ಎಸ್. ಪಿಚ್ಚಮುತ್ತು ಅವರು ಕನಕಪುರ ಸಮೀಪದ ಕಬ್ಬಾಳಿನಲ್ಲಿ ಒಂದು ಶಿಲೆ ಇನ್ನೊಂದಾಗಿ ಮಾರ್ಪಡುತ್ತಿರುವ ಕುರುಹನ್ನು 1960ರಲ್ಲಿ ಜಗತ್ತಿಗೆ ತೋರಿಸಿದರು. ಈ ಮಾರ್ಪಾಡಿಗೂ ಆಳದಿಂದ ಬಂದ ಇಂಗಾಲದ ಡೈಆಕ್ಸೈಡೇ ಕಾರಣವೆಂದು ನಂತರದ ಹಲವು ವಿದ್ವಾಂಸರು ವಾದಿಸಿದರು.

1956ರ ಏಕೀಕರಣದಿಂದ ಗದಗವೂ ಇದೇ ರಾಜ್ಯಕ್ಕೆ ಸೇರಿತು. ಮುಂದೆ ನಿರ್ದೇಶಕರಾದ ಬಿ.ಪಿ. ರಾಧಾಕೃಷ್ಣ ಅವರು ಕುರ್ಚಿಯ ಅರ್ಥವನ್ನೇ ಹಿಗ್ಗಿಸಿದರು. ಖನಿಜದ ಜೊತೆಗೆ ಅಂತರ್ಜಲದ ಶೋಧವನ್ನೂ ಇಲಾಖೆಯ ಕೆಲಸವಾಗಿಸಿದರು. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ಭೂವಿಜ್ಞಾನ ಸಂಘವನ್ನು ದಶಕಗಳ ಕಾಲ ಬೆಳೆಸಿದರು. ದೇಶದ ಚಿನ್ನದ ನಿಕ್ಷೇಪಗಳ ಬಗ್ಗೆ ಗ್ರಂಥವನ್ನೂ ಹೊರತಂದರು.

ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಚಿನ್ನ ಅದರ ಒಡಲಲ್ಲೇ ಇದೆ. ಅದನ್ನು ತೆಗೆಯಬೇಕೆಂಬ ಮಾತು ಎದ್ದಾಗಲೆಲ್ಲ, ಚಿನ್ನದ ಲೆಕ್ಕದ ಪಕ್ಕದಲ್ಲಿ ನೀರಿನ, ಹಸಿರಿನ ಲೆಕ್ಕವನ್ನೂ ಸರ್ಕಾರದ ಮುಂದೆ ಧೈರ್ಯವಾಗಿ ಇಡಬಲ್ಲ ವಿಜ್ಞಾನಿ ಆ ಕುರ್ಚಿಯಲ್ಲಿರಬೇಕು. ಬರ ಕಂಡ ಈ ಸೀಮೆಯ ಜನರಿಗೆ ಅದು ದೂರದ ವಿಷಯವಲ್ಲ.