ಗೋಧಿಯ ಮೇಲಿನ ಅಪವಾದ

ಈಚೆಗೆ ಶಿವನಸಮುದ್ರಕ್ಕೆ ಹೋಗಿದ್ದೆವು. ಗಗನಚುಕ್ಕಿಯನ್ನು ನೋಡಿ ಬಂದು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಮೊಮ್ಮಗಳು ಚಪಾತಿಯನ್ನು ಪಕ್ಕಕ್ಕೆ ಸರಿಸಿದಳು. "ತಾತ, ಗೋಧಿಯಲ್ಲಿ ಗ್ಲುಟೆನ್ ಇದೆ, ಅದು ವಿಷವಂತೆ. ಹೊಟ್ಟೆನೋವಿಗೆ ಅದೇ ಕಾರಣವೆಂದು ಎರಡು ತಿಂಗಳಿಂದ ಬಿಟ್ಟಿದ್ದೇನೆ" ಎಂದಳು. ವೈದ್ಯರನ್ನು ಅವಳು ಕೇಳಿರಲಿಲ್ಲ.

ಧಾನ್ಯಗಳ ವ್ಯಾಜ್ಯ ಕನ್ನಡಿಗರಿಗೆ ಹೊಸದಲ್ಲ. 16ನೆಯ ಶತಮಾನದ ಕನಕದಾಸರ 'ರಾಮಧಾನ್ಯ ಚರಿತ್ರೆ'ಯಲ್ಲಿ ಭತ್ತವೂ ರಾಗಿಯೂ ಮೇಲುಕೀಳಿಗಾಗಿ ಜಗಳವಾಡುತ್ತವೆ. ಶ್ರೀರಾಮ ಬರಿಯ ಮಾತು ಕೇಳಿ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಪರೀಕ್ಷಿಸುತ್ತಾನೆ. ಭತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ.

ಗೋಧಿಯ ಪರೀಕ್ಷೆ ನಡೆದದ್ದು ಹಾಲೆಂಡಿನಲ್ಲಿ. ಸೀಲಿಯಾಕ್ ಎಂಬ ಕರುಳಿನ ರೋಗಕ್ಕೆ ಗೋಧಿಯೇ ಕಾರಣವಿರಬಹುದೆಂದು ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಮೊದಲೇ ಶಂಕಿಸಿದ್ದರು. 1944-45ರ ಯುದ್ಧಕಾಲದ ಕ್ಷಾಮದಲ್ಲಿ ಬ್ರೆಡ್ ಮಾಯವಾದಾಗ ಆ ರೋಗದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿದಾಗ ರೋಗವೂ ಮರಳಿತು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಮಂಡಿಸಿದರು. ಅಪರಾಧಿ ಗೋಧಿಯ ಗ್ಲುಟೆನ್ ಎಂಬುದು ಮುಂದೆ ಸ್ಥಿರಪಟ್ಟಿತು.

ಆದರೆ ಆ ಅಪರಾಧ ಕೆಲವರ ದೇಹದಲ್ಲಿ ಮಾತ್ರ. ಲೋಕದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ರೋಗ. 2016ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನದ ಪ್ರಕಾರ ಉತ್ತರದಲ್ಲಿ ಸಾವಿರಕ್ಕೆ 8ಕ್ಕೂ ಹೆಚ್ಚು, ದಕ್ಷಿಣದಲ್ಲಿ 10,000ಕ್ಕೆ ಸುಮಾರು ಒಬ್ಬರು. ಆನುವಂಶಿಕ ಒಲವು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ತಿನ್ನುವ ಗೋಧಿಯ ಪ್ರಮಾಣದಲ್ಲಿ ಮಾತ್ರ ಅಜಗಜಾಂತರ. ಗೋಧಿಯ ಅಲರ್ಜಿಯುಳ್ಳವರೂ, ಗೋಧಿ ಒಗ್ಗದವರೂ ಇನ್ನು ಕೆಲವರಿದ್ದಾರೆ. ಉಳಿದ ಬಹುಪಾಲು ಜನಕ್ಕೆ ಗೋಧಿ ಒಳ್ಳೆಯ ಆಹಾರವೇ. ಮೈದಾಕ್ಕಿಂತ ತವುಡಿರುವ ಹಿಟ್ಟು ಲೇಸು.

ಮಳವಳ್ಳಿಯ ಸೀಮೆ ಮೊದಲಿನಿಂದಲೂ ರಾಗಿಯದು. ಮಂಡ್ಯಕ್ಕೆ 1930ರ ದಶಕದಲ್ಲಿ ನಾಲೆಯ ನೀರು ಬಂದು ಭತ್ತವೂ ಕಬ್ಬೂ ಹಬ್ಬಿದವು. ಗೋಧಿ ಅಂಗಡಿಯಿಂದ ಬರುವ ಅತಿಥಿ. ರಾಗಿಯಲ್ಲಿಯೂ ಅಕ್ಕಿಯಲ್ಲಿಯೂ ಗ್ಲುಟೆನ್ ಇಲ್ಲ. ಆದ್ದರಿಂದ ಸೀಲಿಯಾಕ್ ಇದ್ದವರೂ ಇಲ್ಲಿ ಹಸಿದಿರಬೇಕಾಗಿಲ್ಲ. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿಸಬಾರದು, ಅಷ್ಟೆ.

ಮೊಮ್ಮಗಳಿಗೆ ನಾನು ಹೇಳಿದ್ದು ಒಂದೇ ಮಾತು: ಗೋಧಿ ಬಿಟ್ಟ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ರೋಗವಿದ್ದರೂ ಇಲ್ಲವೆಂದು ತೋರಬಹುದು. ಅವಳು ವೈದ್ಯರನ್ನು ಕಂಡಳು. ಅವರ ಸಲಹೆಯಂತೆ ಕೆಲವು ವಾರ ಮತ್ತೆ ಗೋಧಿ ತಿಂದು ಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಳೆ. ಫಲವೇನೇ ಬರಲಿ, ತೀರ್ಪು ವಿಚಾರಣೆಯ ನಂತರ ಬರುತ್ತದೆ. ಕನಕದಾಸರ ರಾಮನೂ ಅಷ್ಟನ್ನೇ ಮಾಡಿದ್ದ.